ಎಂವಿಪಿ ಯಾರೆಂಬ ವಾದಕ್ಕೆ ಎನ್‌ಬಿಎ ಆ್ಯಪ್ ಎಷ್ಟರ ಮಟ್ಟಿಗೆ ಆಧಾರ?

ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎಯ ಅಧಿಕೃತ ಆ್ಯಪ್, ಅದರ ಜೊತೆಗಿರುವ ಜಾಲತಾಣದ ಅಂಕಿಅಂಶಗಳ ಪುಟಗಳು ಮತ್ತು ಹಣ ಕೊಟ್ಟು ಪೂರ್ಣ ಪಂದ್ಯ ನೋಡುವ ಲೀಗ್ ಪಾಸ್, ಈ ಮೂರನ್ನೂ ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಬರಹದ ಉದ್ದೇಶ. ವರ್ಷದ ಅತ್ಯಂತ ಮೌಲ್ಯಯುತ ಆಟಗಾರ, ಅಂದರೆ ಎಂವಿಪಿ, ಯಾರಾಗಬೇಕೆಂದು ವಾದಿಸುವವರಿಗೆ ಈ ಸೇವೆ ಎಷ್ಟು ಒದಗುತ್ತದೆ ಎಂಬುದೇ ಆ ಪ್ರಶ್ನೆ. ಫುಟ್‌ಬಾಲ್, ಕಬಡ್ಡಿ, ವಾಲಿಬಾಲ್‌ಗಳಿಗೇ ಊರೆಲ್ಲ ಸೇರುವ ಕಾಸರಗೋಡಿನಲ್ಲಿ ಬಾಸ್ಕೆಟ್‌ಬಾಲಿನ ಬಗ್ಗೆ ಮಾತನಾಡುವವರು ಕಡಿಮೆ. ಬದಿಯಡ್ಕದ ಕಡೆಯ ನಮ್ಮ ಕನ್ನಡ ಮಾಧ್ಯಮ ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿ ಮಾತ್ರ ಗಣಿತದ ಮಾಷ್ಟ್ರಿಗೂ ನನಗೂ ಈ ವಾದ ಇನ್ನೂ ಮುಗಿದಿಲ್ಲ. ಅವರು ನಿಕೋಲಾ ಯೋಕಿಚ್ ಪಕ್ಷ, ನಾನು ಶೇ ಗಿಲ್ಜಸ್-ಅಲೆಕ್ಸಾಂಡರ್ ಪಕ್ಷ.

ನಮ್ಮ ವಾದ 2024-25ರ ಸೀಸನ್ನಿಗೆ ಸಂಬಂಧಿಸಿದ್ದು. ಒಕ್ಲಹೋಮಾ ಸಿಟಿ ಥಂಡರ್ ತಂಡದ ಶೇ ಪ್ರತಿ ಪಂದ್ಯಕ್ಕೆ ಸರಾಸರಿ 32.7 ಅಂಕ ಗಳಿಸಿ ಲೀಗಿನಲ್ಲಿ ಮೊದಲಿಗರಾದರು. ಅವರ ತಂಡ 82 ಪಂದ್ಯಗಳಲ್ಲಿ 68ನ್ನು ಗೆದ್ದಿತು. ಡೆನ್ವರ್ ನಗೆಟ್ಸ್‌ನ ಸೆಂಟರ್ (ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರ) ಯೋಕಿಚ್ ಅವರ ಸರಾಸರಿ 29.6 ಅಂಕ, 12.7 ರೀಬೌಂಡ್ (ಗುರಿ ತಪ್ಪಿದ ಎಸೆತದ ಚೆಂಡನ್ನು ಹಿಡಿದದ್ದು), 10.2 ಅಸಿಸ್ಟ್ (ಜೊತೆಯವರ ಅಂಕಕ್ಕೆ ದಾರಿ ಮಾಡಿದ ಪಾಸ್). ಇಡೀ ಸೀಸನ್ನಿನಲ್ಲಿ ಟ್ರಿಪಲ್-ಡಬಲ್ ಸರಾಸರಿಯನ್ನು, ಅಂದರೆ ಇಂಥ ಮೂರು ವಿಭಾಗಗಳಲ್ಲೂ ಎರಡಂಕಿಯ ಸರಾಸರಿಯನ್ನು, ಅವರಿಗಿಂತ ಮೊದಲು ಸಾಧಿಸಿದವರು ಆಸ್ಕರ್ ರಾಬರ್ಟ್‌ಸನ್ ಮತ್ತು ರಸೆಲ್ ವೆಸ್ಟ್‌ಬ್ರೂಕ್ ಇಬ್ಬರೇ, ಅವರಿಬ್ಬರೂ ಹೊರಗಿನಿಂದ ಚೆಂಡು ನಡೆಸುವ ಗಾರ್ಡ್‌ಗಳು. "ಹತ್ತು ಅಸಿಸ್ಟ್ ಕೊಡುವ ಸೆಂಟರನ್ನು ನೀವು ಎಲ್ಲಿ ಕಂಡಿದ್ದೀರಿ ಮಾಷ್ಟ್ರೇ?" ಎಂಬುದು ಗಣಿತದ ಮಾಷ್ಟ್ರ ಖಾಯಂ ಪ್ರಶ್ನೆ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ಯೋಕಿಚ್ ಅವರ ತಂಡ ಗೆದ್ದದ್ದು 50 ಪಂದ್ಯ. ಮತ ಹಾಕಿದ 100 ಮಂದಿ ಪತ್ರಕರ್ತರು ಮತ್ತು ಪ್ರಸಾರಕರಲ್ಲಿ 71 ಮಂದಿ ಶೇ ಅವರಿಗೆ ಮೊದಲ ಸ್ಥಾನ ಕೊಟ್ಟರು, ಉಳಿದ 29 ಮಂದಿ ಯೋಕಿಚ್ ಅವರಿಗೆ ಕೊಟ್ಟರು. ಮೊದಲ ಸ್ಥಾನಕ್ಕೆ 10, ಮುಂದಿನವಕ್ಕೆ ಕ್ರಮವಾಗಿ 7, 5, 3, 1 ಎಂದು ಎಣಿಸುವ ಪದ್ಧತಿಯಲ್ಲಿ ಅದು ಶೇ ಅವರಿಗೆ 913, ಯೋಕಿಚ್ ಅವರಿಗೆ 787 ಆಯಿತು.

ಆ್ಯಪಿನಲ್ಲಿ ಉಚಿತವಾಗಿ ಸಿಗುವವುಗಳಲ್ಲಿ ನನಗೆ ಅತ್ಯಂತ ಉಪಯುಕ್ತವೆಂದು ತೋರಿದ್ದು ಮುಖಪುಟದಲ್ಲಿ ಎದ್ದು ಕಾಣುವ ತುಣುಕು ವಿಡಿಯೋಗಳಲ್ಲ. ಪಂದ್ಯದ ಅಂಕಿಪಟ್ಟಿಯಾದ ಬಾಕ್ಸ್ ಸ್ಕೋರಿನ ಅಂಕಿಗಳ ಹಿಂದೆ ಅಡಗಿರುವ ವಿಡಿಯೋಗಳು. ಜಾಲತಾಣದ ಬಾಕ್ಸ್ ಸ್ಕೋರಿನಲ್ಲಿ ಒಬ್ಬ ಆಟಗಾರನ ಹೆಸರಿನ ಎದುರು 10 ಅಸಿಸ್ಟ್ ಎಂದಿದ್ದರೆ ಆ ಹತ್ತನ್ನು ಒತ್ತಿದೊಡನೆ ಹತ್ತೂ ಪಾಸ್‌ಗಳು ಒಂದರ ಹಿಂದೆ ಒಂದರಂತೆ ತೆರೆದುಕೊಳ್ಳುತ್ತವೆ. ಯಾವ ಅಸಿಸ್ಟ್ ರಕ್ಷಣೆಯನ್ನೇ ಒಡೆದು ಕೊಟ್ಟದ್ದು, ಯಾವುದು ಸುಮ್ಮನೆ ಚೆಂಡು ದಾಟಿಸಿದ್ದಕ್ಕೆ ದಕ್ಕಿದ್ದು ಎಂಬುದನ್ನು ಕಣ್ಣಾರೆ ನೋಡಿ ತೀರ್ಮಾನಿಸಬಹುದು. ಯೋಕಿಚ್ ಅವರ ಪಾಸ್‌ಗಳನ್ನು ಹೀಗೆ ಸಾಲಾಗಿ ನೋಡಿದವರಿಗೆ, ಅವರು ಹೆಚ್ಚು ಓಡದೆ, ನೆಗೆಯದೆ, ಕುಳಿತಲ್ಲಿಂದಲೇ ವೇಷಗಳನ್ನೆಲ್ಲ ಕುಣಿಸುವ ಭಾಗವತರಂತೆ ಇಡೀ ತಂಡವನ್ನು ನಡೆಸುವ ರೀತಿ ಮನದಟ್ಟಾಗುತ್ತದೆ. ಎದುರು ಪಕ್ಷದವನಾದ ನಾನೂ ಇದನ್ನು ಒಪ್ಪುತ್ತೇನೆ.

ಇದೇ ಸೌಲಭ್ಯ ಶೇ ಅವರ ಮೇಲಿರುವ ದೊಡ್ಡ ಆಕ್ಷೇಪವನ್ನು ಪರೀಕ್ಷಿಸಲೂ ನೆರವಾಗುತ್ತದೆ. ಅವರು ಫೌಲ್ ಗಿಟ್ಟಿಸಿಕೊಂಡು, ಅದಕ್ಕೆ ಪ್ರತಿಯಾಗಿ ಸಿಗುವ ಅಡ್ಡಿಯಿಲ್ಲದ ಎಸೆತಗಳಾದ ಫ್ರೀ ಥ್ರೋಗಳಿಂದಲೇ ಅಂಕ ಕೂಡಿಸುತ್ತಾರೆ ಎಂಬುದು ಆ ಆಕ್ಷೇಪ. ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡುವ ತುಣುಕುಗಳನ್ನಷ್ಟೇ ನೋಡಿದವರಿಗೆ ಅದು ನಿಜವೆನಿಸುವುದು ಸಹಜ. ಅಂಕಿಅಂಶಗಳ ಪುಟದಲ್ಲಿ ನೋಡಿದರೆ ಆ ಸೀಸನ್ನಿನಲ್ಲಿ ಅವರು ಪಂದ್ಯಕ್ಕೆ ಎಸೆದ ಫ್ರೀ ಥ್ರೋಗಳ ಸರಾಸರಿ 8.8, ಮತದಾನದಲ್ಲಿ ಮೂರನೆಯವರಾದ ಮಿಲ್ವಾಕಿಯ ಯಾನಿಸ್ ಅಂಟೆಟೊಕುಂಪೊ ಎಸೆದದ್ದು ಅದಕ್ಕಿಂತ ಹೆಚ್ಚು. ಶೇ ಬುಟ್ಟಿಯ ಕಡೆಗೆ ನುಗ್ಗುವ ಸಲಗಳೂ ಲೀಗಿನಲ್ಲಿ ಅತಿ ಹೆಚ್ಚಿನವುಗಳ ಸಾಲಿಗೆ ಸೇರಿವೆ, ಆ ಎಣಿಕೆಯೂ ಅಲ್ಲೇ ಬೇರೆ ಪುಟದಲ್ಲಿದೆ. ಅಷ್ಟು ನುಗ್ಗುವವರಿಗೆ ಅಷ್ಟು ಫೌಲ್ ಸಿಗದೆ ಹೋದರೇ ಆಶ್ಚರ್ಯ. ಇದನ್ನು ತೋರಿಸಿದ ಮೇಲೆ ಮಾಷ್ಟ್ರು ಫ್ರೀ ಥ್ರೋ ವಿಷಯ ಕೈಬಿಟ್ಟು ಬೇರೆ ಪುಟ ತೆರೆದರು.

ಅವರು ತೆರೆದದ್ದು, ಒಬ್ಬ ಆಟಗಾರ ಅಂಕಣದಲ್ಲಿದ್ದಾಗ ಮತ್ತು ಬೆಂಚಿನಲ್ಲಿದ್ದಾಗ ತಂಡದ ಸ್ಥಿತಿ ಹೇಗಿತ್ತು ಎಂಬುದನ್ನು ಹೋಲಿಸುವ ಪುಟ. ಯೋಕಿಚ್ ಪರವಾಗಿ ಇದಕ್ಕಿಂತ ಬಲವಾದ ಸಾಕ್ಷ್ಯ ಇನ್ನೊಂದಿಲ್ಲ. ಅವರು ಆಡುವಾಗ ಡೆನ್ವರ್ ಎದುರಾಳಿಗಳಿಗಿಂತ ಸ್ಪಷ್ಟವಾಗಿ ಮುಂದೆ. ಅವರು ಕುಳಿತೊಡನೆ ಅದೇ ತಂಡ ಅಷ್ಟೇ ಸ್ಪಷ್ಟವಾಗಿ ಹಿಂದೆ. ಥಂಡರ್ ಹಾಗಲ್ಲ, ಶೇ ಇಲ್ಲದಾಗಲೂ ಅದು ನೆಲ ಕಚ್ಚುವ ತಂಡವಲ್ಲ. ಆದರೆ ಈ ಅಂಕಿ ಬೆಂಚಿನ ಗುಣವನ್ನೂ ಒಟ್ಟಿಗೇ ಅಳೆಯುತ್ತದೆ ಎಂಬ ಎಚ್ಚರಿಕೆಯನ್ನು ಆ್ಯಪ್ ಎಲ್ಲಿಯೂ ಕೊಡುವುದಿಲ್ಲ. ಡೆನ್ವರಿನ ಬದಲಿ ಸೆಂಟರುಗಳು ದುರ್ಬಲರಾಗಿದ್ದುದು ಯೋಕಿಚ್ ಅವರ ಹಿರಿಮೆಯ ಲೆಕ್ಕಕ್ಕೆ ಸೇರಬೇಕೇ? ಆ ತಂಡ ಕಟ್ಟಿದವರ ಕೊರತೆ ಒಬ್ಬ ಆಟಗಾರನ ಪದಕವಾಗುವುದು ನನಗೆ ಸರಿ ಕಾಣುವುದಿಲ್ಲ. ಇದಕ್ಕೆ ಎದುರಾಗಿ ಮಾಷ್ಟ್ರು 2025ರ ಏಪ್ರಿಲ್ 1ರ ಪಂದ್ಯವನ್ನು ತರುತ್ತಾರೆ: ಮಿನ್ನೆಸೋಟದ ಎದುರು ಯೋಕಿಚ್ 61 ಅಂಕಗಳ ಟ್ರಿಪಲ್-ಡಬಲ್ ಮಾಡಿದರೂ ಡೆನ್ವರ್ ಎರಡು ಹೆಚ್ಚುವರಿ ಅವಧಿಗಳ ಬಳಿಕ 139-140ರಿಂದ ಸೋತಿತು. ಕೊನೆಯ ಕ್ಷಣಗಳಲ್ಲಿ, ಆಗ ಡೆನ್ವರ್ ತಂಡದಲ್ಲಿದ್ದ ವೆಸ್ಟ್‌ಬ್ರೂಕ್ ಬುಟ್ಟಿಯ ಬಳಿಯ ಸುಲಭ ಎಸೆತವಾದ ಲೇಅಪ್ ಹಾಳುಮಾಡಿ, ಅದರ ಬೆನ್ನಿಗೇ ಫೌಲ್ ಮಾಡಿದರು. ತಂಡದ ಗೆಲುವುಗಳನ್ನು ಎಣಿಸಿ ಎಂವಿಪಿ ಕೊಡುವುದಾದರೆ ಆ ರಾತ್ರಿಯ ಯೋಕಿಚ್ ಅವರಿಗೆ ಸೊನ್ನೆಯೇ ಗತಿ ಎನ್ನುತ್ತಾರೆ ಮಾಷ್ಟ್ರು. ಮಾತಿನಲ್ಲಿ ಹುರುಳಿದೆ.

ಆ್ಯಪಿನ ನಿಜವಾದ ಕೊರತೆ ರಕ್ಷಣೆಯ ವಿಷಯದಲ್ಲಿದೆ. ಅಂಕ, ರೀಬೌಂಡ್, ಅಸಿಸ್ಟ್‌ಗಳು ಮೊದಲ ನೋಟಕ್ಕೇ ಕಣ್ಣಿಗೆ ಬೀಳುತ್ತವೆ. ಚೆಂಡಿಗೆ ಕೈ ತಾಗಿಸಿ ಪಾಸ್ ಕೆಡಿಸಿದ್ದು, ಎಸೆತಕ್ಕೆ ಅಡ್ಡ ಬಂದದ್ದು ಮುಂತಾದವುಗಳ ಎಣಿಕೆ ಜಾಲತಾಣದಲ್ಲಿ ಇದೆಯಾದರೂ ನಾಲ್ಕಾರು ಕೊಂಡಿಗಳಾಚೆ ಅಡಗಿದೆ, ಫೋನಿನ ಚಿಕ್ಕ ಪರದೆಯಲ್ಲಿ ಅದನ್ನು ಹುಡುಕಿ ತೆಗೆಯುವುದು ತಾಳ್ಮೆಯ ಕೆಲಸ. ಶೇ ಅವರ ಪರವಾದ ನನ್ನ ವಾದ ನಿಂತಿರುವುದೇ ಇಲ್ಲಿ. ಥಂಡರ್ ಆ ವರ್ಷ ಲೀಗಿನ ಅತ್ಯುತ್ತಮ ರಕ್ಷಣೆಯ ತಂಡವಾಗಿತ್ತು; ಪಂದ್ಯಕ್ಕೆ ಸರಾಸರಿ 12.9 ಅಂಕಗಳಷ್ಟು ಎದುರಾಳಿಗಳಿಗಿಂತ ಮುಂದಿದ್ದು, 1971-72ರ ಲೇಕರ್ಸ್ ತಂಡದ ದಾಖಲೆಯನ್ನು ಮುರಿದಿತ್ತು. ಆ ರಕ್ಷಣೆಯಲ್ಲಿ ಶೇ ತಪ್ಪಿಸಿಕೊಳ್ಳುವವರಾಗಿರಲಿಲ್ಲ; ಪಂದ್ಯಕ್ಕೆ 1.7 ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿದದ್ದು) ಮತ್ತು 1 ಬ್ಲಾಕ್ (ಎಸೆತವನ್ನು ತಡೆದದ್ದು) ಗಾರ್ಡ್ ಒಬ್ಬರಿಗೆ ಅಸಾಧಾರಣ. ಅಂತರ ಅಷ್ಟು ದೊಡ್ಡದಿದ್ದುದರಿಂದ ಹಲವು ಪಂದ್ಯಗಳ ಕೊನೆಯ ಕ್ವಾರ್ಟರಿನಲ್ಲಿ ಅವರು ಬೆಂಚಿನಲ್ಲೇ ಇದ್ದರು. ಯೋಕಿಚ್ ಸರಾಸರಿ 36.7 ನಿಮಿಷ ಆಡಿದರೆ ಇವರು 34.2 ನಿಮಿಷ. ಪಂದ್ಯದ ಸರಾಸರಿಯ ಬದಲು ಚೆಂಡು ತಂಡದ ಕೈಗೆ ಬರುವ ನೂರು ಸರದಿಗಳಿಗೆ, ಅಂದರೆ ನೂರು ಪೊಸೆಶನ್‌ಗಳಿಗೆ ಲೆಕ್ಕ ತೋರಿಸುವ ಆಯ್ಕೆಯನ್ನು ಜಾಲತಾಣ ಕೊಟ್ಟಿರುವುದು ಈ ಕಾರಣಕ್ಕೆ ಮೆಚ್ಚಬೇಕಾದದ್ದು, ಅದು ಆ್ಯಪಿನ ಮೊದಲ ಪುಟದಲ್ಲೇ ಇರಬೇಕಿತ್ತು.

ಹಳೆಯ ಉದಾಹರಣೆ ಹುಡುಕುವವರಿಗೆ ಈ ಸೇವೆ ಅರ್ಧ ದಾರಿಯಲ್ಲೇ ಕೈಬಿಡುತ್ತದೆ. ವಿವರವಾದ ಅಂಕಿಗಳು 1996-97ರಿಂದ ಈಚೆಗೆ ಮಾತ್ರ ಇವೆ. 1961-62ರಲ್ಲಿ ವಿಲ್ಟ್ ಚೇಂಬರ್ಲಿನ್ ಪಂದ್ಯಕ್ಕೆ 50.4 ಅಂಕ ಗಳಿಸಿದ್ದರು, ರಾಬರ್ಟ್‌ಸನ್ ಟ್ರಿಪಲ್-ಡಬಲ್ ಸರಾಸರಿ ಮುಟ್ಟಿದ್ದರು, ಆದರೂ ಎಂವಿಪಿ ಆದವರು 60 ಪಂದ್ಯ ಗೆದ್ದ ಬಾಸ್ಟನ್ ತಂಡದ ರಕ್ಷಣೆಯ ಬೆನ್ನೆಲುಬಾದ ಬಿಲ್ ರಸೆಲ್. ಆಗ ಮತ ಹಾಕುತ್ತಿದ್ದವರು ಆಟಗಾರರೇ. 1980-81ರಿಂದಷ್ಟೇ ಅದು ಮಾಧ್ಯಮದವರ ಕೈಗೆ ಹೋಯಿತು. ಬ್ಲಾಕ್ ಮತ್ತು ಸ್ಟೀಲ್‌ಗಳನ್ನು ಲೀಗ್ ಎಣಿಸತೊಡಗಿದ್ದೇ 1973-74ರಲ್ಲಿ, ಆದ್ದರಿಂದ ರಸೆಲ್ ಅವರ ದೊಡ್ಡ ಗುಣ ಯಾವ ಪುಟದಲ್ಲೂ ಅಂಕಿಯಾಗಿ ಸಿಗುವುದಿಲ್ಲ. ಎದುರು ನಿಂತು ಆಡಿದವರು ಅದನ್ನು ಬಲ್ಲವರಾಗಿದ್ದರು.

ಸೀಸನ್ನಿನುದ್ದಕ್ಕೂ ಪ್ರಕಟವಾಗುವ ಎಂವಿಪಿ ಲ್ಯಾಡರ್ ಎಂಬ ಕ್ರಮಾಂಕಪಟ್ಟಿ ಓದಲು ಹಿತವಾಗಿದೆ, ಆದರೆ ಅದೊಬ್ಬ ಬರಹಗಾರರ ಅಭಿಪ್ರಾಯ ಮಾತ್ರ. ವಾದದಲ್ಲಿ ಅದನ್ನು ಪ್ರಮಾಣವೆಂದು ಮುಂದಿಟ್ಟರೆ ನಮ್ಮ ಹೈಸ್ಕೂಲಿನ ಹುಡುಗರೂ ನಗುತ್ತಾರೆ.

ಇನ್ನು ಹಣ ಕೊಡಬೇಕಾದ ಭಾಗ. ಒಕ್ಲಹೋಮಾದ ತವರಿನ ಪಂದ್ಯಗಳು ಚಳಿಗಾಲದಲ್ಲಿ ಸಾಮಾನ್ಯವಾಗಿ ನಮ್ಮ ಬೆಳಗಿನ 6.30ಕ್ಕೆ ಆರಂಭವಾಗುತ್ತವೆ, ಡೆನ್ವರಿನವು 7.30ಕ್ಕೆ. ಹತ್ತರ ಹೊತ್ತಿಗೆ ಶಾಲೆಯ ಗಂಟೆ ಹೊಡೆಯುವ ಕೇರಳದಲ್ಲಿ ಶೇ ಅವರ ಪಂದ್ಯ ಮುಗಿಸಿ, ತಿಂಡಿ ತಿಂದು, ಬಸ್ ಹಿಡಿಯಬಹುದು. ಯೋಕಿಚ್ ಅವರ ಕೊನೆಯ ಕ್ವಾರ್ಟರ್ ಬಸ್ಸಿನಲ್ಲೇ ನೋಡಬೇಕು. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತಿರುವುಗಳಲ್ಲಿ ಮೊಬೈಲ್ ಸಿಗ್ನಲ್ ಹೇಗಿರುತ್ತದೆಂಬುದನ್ನು ಈ ಭಾಗದವರಿಗೆ ಹೇಳಬೇಕಾಗಿಲ್ಲ. ಅದಕ್ಕೆ ಪರಿಹಾರವೂ ಆ್ಯಪಿನಲ್ಲೇ ಇದೆ: ಸ್ಕೋರ್ ಮರೆಮಾಡುವ ಆಯ್ಕೆಯನ್ನು ಹಾಕಿಟ್ಟರೆ ಸಂಜೆ ಮನೆಗೆ ಬಂದು, ಫಲಿತಾಂಶ ತಿಳಿಯದೆಯೇ ಪೂರ್ಣ ಪಂದ್ಯವನ್ನೋ ಸಂಕ್ಷಿಪ್ತ ರೂಪವನ್ನೋ ನೋಡಬಹುದು. ಮಾಷ್ಟ್ರು ಇಡೀ ಸೀಸನ್ ಹಾಗೆಯೇ ನೋಡಿದರು, ಹಗಲಿಡೀ ಯಾರ ಜೊತೆಗೂ ಬಾಸ್ಕೆಟ್‌ಬಾಲ್ ಮಾತನಾಡದ ವ್ರತ ಹಿಡಿದು. ಸಂಕ್ಷಿಪ್ತ ರೂಪ ಸಮಯ ಉಳಿಸುತ್ತದಾದರೂ ಅದರಲ್ಲಿ ಉಳಿಯುವುದು ಬಹುತೇಕ ಬುಟ್ಟಿಗೆ ಬಿದ್ದ ಎಸೆತಗಳೇ, ರಕ್ಷಣೆ ಮತ್ತೆ ಕತ್ತರಿಗೆ ಸಿಗುತ್ತದೆ. ಕನ್ನಡದ ವೀಕ್ಷಕ ವಿವರಣೆಯನ್ನು ನಿರೀಕ್ಷಿಸುವುದು ಬೇಡ.

ಅಂಕಿಗಳೇ ಸಾಕೆನ್ನುವವರಿಗೆ ಉಚಿತ ಭಾಗ ಧಾರಾಳವಾಯಿತು. ಎಂವಿಪಿ ವಾದಕ್ಕಾಗಿಯೇ ಹಣ ಕೊಡುವವರು, ಸೀಸನ್ನಿನ ಬಳಿಕ ಚಾಂಪಿಯನ್ ಪಟ್ಟಕ್ಕಾಗಿ ನಡೆಯುವ ಪ್ಲೇಆಫ್‌ಗಳಿಗೆಂದು ಕಾಯಬಾರದು, ಏಕೆಂದರೆ ಮತದಾನ ಅದಕ್ಕೆ ಮೊದಲೇ ಮುಗಿದಿರುತ್ತದೆ. 2025ರ ಮೇ ತಿಂಗಳಲ್ಲಿ ಥಂಡರ್ ಪ್ಲೇಆಫ್ ಸರಣಿಯ ಏಳನೆಯ ಪಂದ್ಯದಲ್ಲಿ ಡೆನ್ವರನ್ನು 125-93ರಿಂದ ಸೋಲಿಸಿದ್ದನ್ನು ನಾನು ವಾದಕ್ಕೆ ತಂದಾಗ ಮಾಷ್ಟ್ರು ಈ ನಿಯಮವನ್ನೇ ಹಿಡಿದು ತಳ್ಳಿಹಾಕಿದರು, ನಿಯಮದ ಪ್ರಕಾರ ಅದು ಸರಿಯೇ. 2023-24ರಿಂದ ಜಾರಿಯಲ್ಲಿರುವ ನಿಯಮದಂತೆ ಕನಿಷ್ಠ 65 ಪಂದ್ಯ ಆಡದವರು ಸಾಮಾನ್ಯವಾಗಿ ಪ್ರಶಸ್ತಿಗೆ ಅರ್ಹರಲ್ಲ. ಹಾಗಾಗಿ ಜನವರಿಯ ಹೊತ್ತಿಗೆ ಸ್ಪರ್ಧೆಯಲ್ಲಿ ಉಳಿಯಬಲ್ಲವರು ಯಾರೆಂಬುದು ಹೆಚ್ಚುಕಡಿಮೆ ಗೊತ್ತಾಗಿರುತ್ತದೆ, ಅಲ್ಲಿಂದ ಏಪ್ರಿಲ್ ನಡುವಿನವರೆಗೆ ಚಂದಾ ಇದ್ದರೆ ಸಾಕು.