ಸೇಫ್ಟಿ ಜಾಕೆಟ್ ಹೊಲಿಸಿ ಮೂರೂವರೆ ವರ್ಷ: ಅಟ್ಟದ ಮೇಲಿನ ಗೋಣಿಚೀಲದ ಲೆಕ್ಕ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಗೋಣಿಚೀಲ ಇತ್ತು. ಅದರೊಳಗೆ 22 ಸೇಫ್ಟಿ ಜಾಕೆಟ್, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದವು. 2021ರ ನವೆಂಬರಿನಲ್ಲಿ ಆನ್‌ಲೈನಿನಲ್ಲಿ 60 ತರಿಸಿದ್ದೆವು. ಕೆಲಸಕ್ಕೆ ಇದ್ದವರು 34 ಜನ. "50 ದಾಟಿದರೆ ಒಂದಕ್ಕೆ 95 ರೂಪಾಯಿ" ಅಂದರು, ನಾವು ಆಸೆಗೆ ಬಿದ್ದೆವು. ಎಲ್ಲವೂ ಎಕ್ಸ್‌ಎಲ್. ಬೆನ್ನ ತುಂಬ ಕಾಮಗಾರಿಯ ಹೆಸರು, ಇಸವಿ, ನಮ್ಮ ಹೆಸರು, ಫೋನ್ ನಂಬರು. ಹಾಕಿಕೊಂಡವುಗಳಲ್ಲಿ ನಾಲ್ಕು ಹರಿದವು, ಅದಕ್ಕೆ ಬದಲು ನಾಲ್ಕು ತೆಗೆದೆವು. ಮೇ ತಿಂಗಳಿಗೆ ಕಾಮಗಾರಿ ಮುಗಿಯಿತು. ಬೇರೆ ಊರಿನ ಬೇರೆ ಕೆಲಸಕ್ಕೆ ಆ ಹೆಸರು ಹೊತ್ತ ಜಾಕೆಟ್ ಹಾಕಿಸುವ ಹಾಗಿಲ್ಲ. ಉಳಿದವು ಅಟ್ಟ ಸೇರಿದವು.

ನಮ್ಮದು ತೀರ್ಥಹಳ್ಳಿ ಕಡೆಯ ಸಣ್ಣ ಕಾಂಟ್ರಾಕ್ಟು. ರಸ್ತೆ ಬದಿಯ ಚರಂಡಿ, ಮೋರಿ, ತಡೆಗೋಡೆ, ಇಂಥವು. ಸೈಟು ನಮ್ಮನೆಯವರು ನೋಡುತ್ತಾರೆ. ಸಾಮಾನು ಮತ್ತು ಲೆಕ್ಕ ನನ್ನದು. ಆ ಚೀಲ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. 2022ರ ಸೆಪ್ಟೆಂಬರಿನಿಂದ ಶಿವಮೊಗ್ಗದ ಒಂದು ಸಣ್ಣ ಹೊಲಿಗೆ ಘಟಕದಲ್ಲಿ ನಮ್ಮ ಅಳತೆಗೆ ಹೊಲಿಸುತ್ತಿದ್ದೇವೆ. ಇಲ್ಲಿಯವರೆಗೆ ನಾಲ್ಕು ಆರ್ಡರು, ಒಟ್ಟು 82 ಜಾಕೆಟ್. ಘಟಕದ ಹೆಸರು ಬರೆಯುವುದಿಲ್ಲ. ಏಳೆಂಟು ಮಿಷನ್ನಿನ ಜಾಗ ಅದು, ನಾನು ಒಳ್ಳೆಯದರ ಜೊತೆ ಕೆಟ್ಟದ್ದನ್ನೂ ಬರೆಯುವವಳಿದ್ದೇನೆ.

ಮೊದಲು ಅಳತೆ ವಿಷಯ. ಘಟಕದವರಿಗೆ ನಾನು "36 ಬೇಕು, ಎಲ್ಲಾ ಎಕ್ಸ್‌ಎಲ್ ಮಾಡಿಬಿಡಿ, ಎಲ್ಲರಿಗೂ ಆಗುತ್ತೆ" ಅಂದಿದ್ದೆ. ಅವರು ಒಪ್ಪಲಿಲ್ಲ. "ಮೇಡಂ, ಐದು ಸೈಜಿನದ್ದು ಒಂದೊಂದು ಬಸ್ಸಿಗೆ ಹಾಕ್ತೀನಿ. ಹಾಕಿಸಿ ನೋಡಿ, ಬರೆದು ಕಳಿಸಿ" ಅಂದರು. ಮರುದಿನ ಸಂಜೆ ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೈಯಿಂದ ಪೊಟ್ಟಣ ಇಸಿದುಕೊಂಡೆವು.

ಸೈಟಿನಲ್ಲಿ ಹಾಕಿಸಿದಾಗ ನನ್ನ ಲೆಕ್ಕ ಎಷ್ಟು ತಪ್ಪಿತ್ತು ಅಂತ ಗೊತ್ತಾಯಿತು. ನಮ್ಮಲ್ಲಿ 11 ಜನ ಹೆಂಗಸರಿದ್ದಾರೆ. ಸೀರೆಯ ಮೇಲೆ ಗಂಡಸರ ಶರ್ಟು ಹಾಕಿ ಕೆಲಸ ಮಾಡುವವರು. ಎಕ್ಸ್‌ಎಲ್ ಜಾಕೆಟ್ ಅವರ ಮೊಣಕಾಲು ಮುಟ್ಟುತ್ತದೆ. ಬಾಂಡ್ಲಿ ಎತ್ತಲು ಬಗ್ಗಿದರೆ ಅಂಚು ಕಾಲಿಗೆ ಸಿಗುತ್ತದೆ. ಅದಕ್ಕೇ ಹಿಂದಿನ ವರ್ಷ ಅವರು ಜಾಕೆಟ್ಟನ್ನು ಮಡಚಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರು. ನಾವು "ಹಾಕ್ಕೊಳ್ರೇ" ಅಂತ ಸುಮ್ನೆ ಬೈಯುತ್ತಿದ್ದೆವು. ತಪ್ಪು ಅವರದ್ದಲ್ಲ, ಅಳತೆಯದ್ದು. ಕೊನೆಗೆ ಪಟ್ಟಿ ಹೀಗೆ ಬಂತು: ಎಸ್ 4, ಎಂ 9, ಎಲ್ 12, ಎಕ್ಸ್‌ಎಲ್ 8, ಡಬಲ್ ಎಕ್ಸ್‌ಎಲ್ 3. ಪಕ್ಕದಲ್ಲಿ ಬಿಗಿ ಮಾಡುವ ಪಟ್ಟಿ ಎಲ್ಲಕ್ಕೂ.

ಇಷ್ಟಾದರೂ ಒಂದು ಎಡವಟ್ಟು ಮಾಡಿದೆವು. ಸೆಪ್ಟೆಂಬರ್ ಕೊನೆ, ಮಳೆ ಹೊಳವಾಗಿತ್ತು, ಬರೀ ಶರ್ಟಿನ ಮೇಲೆ ಹಾಕಿ ನೋಡಿದೆವು. ಮುಂದಿನ ಜೂನ್ ಬಂತು. ನಮ್ಮ ಕೆಲಸ ಆಗುಂಬೆ ಕಡೆ. ವರ್ಷಕ್ಕೆ 7000 ಮಿ.ಮೀ. ದಾಟಿ ಸುರಿಯುವ ಊರು. ಎಲ್ಲರೂ ಜಾಕೆಟ್ಟಿನ ಮೇಲೆ ಕಪ್ಪು ರೇನ್‌ಕೋಟು ಹಾಕಿದರು. ಕೆಲವರು ಪ್ಲಾಸ್ಟಿಕ್ ಕೊಪ್ಪೆ ಹೊದ್ದರು. ಮಂಜು ಮುಸುಕಿದ ತಿರುವಿನಲ್ಲಿ ಯಾರು ಕಾಣಲೇಬೇಕೋ ಅವರೇ ಕಾಣುತ್ತಿರಲಿಲ್ಲ. ರೇನ್‌ಕೋಟಿನ ಮೇಲೆ ಜಾಕೆಟ್ ಹಾಕಿ ಅಂದರೆ ಹತ್ತುತ್ತಿರಲಿಲ್ಲ. ಆ ಮಳೆಗಾಲ ಹೇಗೋ ತಳ್ಳಿದೆವು. ಹಾಗಾಗಿ 2024ರ ಜೂನ್‌ನಲ್ಲಿ 20 ಬೇರೆ ಹೊಲಿಸಬೇಕಾಯಿತು, ರೇನ್‌ಕೋಟ್ ಹಾಕಿಸಿ, ಅದರ ಮೇಲೆ ಅಳತೆ ತೆಗೆದು. ಮೊದಲೇ ತಲೆ ಓಡಿದ್ದರೆ ಆ 20ರಲ್ಲಿ ಅರ್ಧ ಉಳಿಯುತ್ತಿತ್ತು. ಮಲೆನಾಡಿನಲ್ಲಿ ಹೊಲಿಸುವವರು ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಇನ್ನು ಬಣ್ಣ. ನಿಂಬೆ ಹಳದಿ ಅಂಗಡಿಯಲ್ಲಿ ಕಣ್ಣಿಗೆ ಹೊಡೆಯುತ್ತದೆ, ಆದರೆ ನಮ್ಮ ಸುತ್ತ ಹಸಿರೇ ಹಸಿರು. ಕಿತ್ತಳೆ ಆರಿಸಿದೆವು, ಬದಲಾಯಿಸಿಲ್ಲ.

ಬೆನ್ನ ಮೇಲಿನ ಅಚ್ಚು ನಿಜವಾದ ಕಸದ ಮೂಲ ಅಂತ ನನಗೆ ಘಟಕದವರೇ ತೋರಿಸಿಕೊಟ್ಟರು. ಈ ಜಾಕೆಟ್ಟುಗಳಿಗೆ ಐಎಸ್‌ಒ 20471 ಅಂತ ಒಂದು ಮಾನದಂಡ ಇದೆ, ನಮ್ಮ ದೇಶದ್ದು ಐಎಸ್ 15809. ಐಎಸ್‌ಒ ಪ್ರಕಾರ ಕ್ಲಾಸ್ 2, ಅಂದರೆ ಮೂರು ದರ್ಜೆಗಳಲ್ಲಿ ನಡುವಿನದು, ಅನ್ನಿಸಿಕೊಳ್ಳಬೇಕಾದರೆ ಹೊಳಪು ಬಣ್ಣದ ಬಟ್ಟೆ ಕನಿಷ್ಠ 0.50 ಚದರ ಮೀಟರ್, ರಿಫ್ಲೆಕ್ಟರ್ ಟೇಪು 0.13 ಚದರ ಮೀಟರ್ ಇರಬೇಕು. ಟೇಪಿನ ಅಗಲ 5 ಸೆಂ.ಮೀ.ಗೆ ಕಮ್ಮಿ ಇರಬಾರದು. ಅಂದರೆ ಒಂದು ಜಾಕೆಟ್ಟಿಗೆ 2.6 ಮೀಟರ್ ಟೇಪು. ನಮ್ಮ ಹಳೆಯ 95 ರೂಪಾಯಿಯದ್ದನ್ನು ಅಳೆದು ನೋಡಿದೆ. ಅಗಲವೂ ಇಲ್ಲ, ಉದ್ದವೂ ಇಲ್ಲ. ಅದಿರಲಿ, 30 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ ಕಪ್ಪು ಅಚ್ಚು ಹಾಕಿದರೆ 0.12 ಚದರ ಮೀಟರ್ ಬಣ್ಣ ಅಲ್ಲೇ ಮುಚ್ಚಿಹೋಗುತ್ತದೆ. ದೊಡ್ಡ ಸೈಜಿನಲ್ಲಿ ಹೇಗೋ ನಡೆದೀತು, ಎಸ್ ಸೈಜಿನಲ್ಲಿ ಬಣ್ಣ ಲೆಕ್ಕಕ್ಕಿಂತ ಕಮ್ಮಿ ಬೀಳುತ್ತದೆ. ಬೆನ್ನ ಮೇಲಿನ ಜಾಹೀರಾತಿಗಾಗಿ ಜಾಕೆಟ್ಟಿನ ಕೆಲಸವನ್ನೇ ಕೆಡಿಸಿದ ಹಾಗೆ, ಅಲ್ವಾ?

ಈಗ ನಮ್ಮ ಜಾಕೆಟ್ಟಿನ ಮೇಲೆ ಏನೂ ಬರೆದಿಲ್ಲ. ಎದೆಯ ಮೇಲೆ ಗುರುತಿನ ಚೀಟಿ ಇಡುವ ಪಾರದರ್ಶಕ ಜೇಬು. ಬೆನ್ನಿನಲ್ಲಿ 20 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ ಒಂದು ಬಟ್ಟೆ ಪಟ್ಟಿ, ಅದರಲ್ಲಿ ಮಾತ್ರ ಹೆಸರು. ಕೆಲಸ ಬದಲಾದರೆ ಪಟ್ಟಿ ಬದಲು, ಜಾಕೆಟ್ ಅದೇ. ಮೊದಲು ಈ ಪಟ್ಟಿಗೆ ವೆಲ್ಕ್ರೋ ಹಾಕಿಸಿದ್ದೆವು. ಎರಡೇ ತಿಂಗಳಿಗೆ ಉತ್ತರಾಣಿ ಬೀಜ, ಹುಲ್ಲಿನ ಮುಳ್ಳು ಎಲ್ಲ ಕಚ್ಚಿಕೊಂಡು ಅದು ಅಂಟುವುದನ್ನೇ ಬಿಟ್ಟಿತು. ನಮ್ಮ ಮೇಸ್ತ್ರಿ "ಅಕ್ಕಾ, ನಾಲ್ಕು ಮೂಲೆಗೆ ಟಿಚ್ ಬಟನ್ ಹಾಕ್ಸಿ" ಅಂದ. ಆವತ್ತಿನಿಂದ ತೊಂದರೆ ಇಲ್ಲ.

ಬರಹ ಇಲ್ಲದ್ದಕ್ಕೆ ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ಘಟಕದವರು 25ಕ್ಕೆ ಕಮ್ಮಿ ಆದರೆ ರೇಟು ಏರಿಸುತ್ತಾರೆ. ಎರಡನೇ ವರ್ಷ ನನಗೆ ಬೇಕಿದ್ದದ್ದು 14. ಕೊಪ್ಪದಲ್ಲಿ ನಮ್ಮ ಭಾವನವರದ್ದೂ ಇದೇ ಕೆಲಸ, ಅವರಿಗೆ 10 ಬೇಕಿತ್ತು. ಅವರ ಪರಿಚಯದವರೊಬ್ಬರಿಗೆ 6. ಜಾಕೆಟ್ ಎಲ್ಲಾ ಒಂದೇ ಆದ್ದರಿಂದ 30ರ ಆರ್ಡರ್ ಒಟ್ಟಿಗೆ ಕೊಟ್ಟೆವು, ಪಟ್ಟಿ ಮಾತ್ರ ಅವರವರದ್ದು. ಯಾರೂ ರೇಟಿನ ಆಸೆಗೆ ಹೆಚ್ಚಿಗೆ ತರಿಸಲಿಲ್ಲ.

ಬಟ್ಟೆಯ ಚೂರುಗಳನ್ನು ಘಟಕದವರು ಏನು ಮಾಡುತ್ತಾರೆ ಅಂತ ಒಂದು ಸಲ ಹೋಗಿ ನೋಡಿದೆ. ಒಂದೇ ಸೈಜು ಕತ್ತರಿಸುವುದಕ್ಕಿಂತ ದೊಡ್ಡದು ಚಿಕ್ಕದು ಬೆರೆಸಿ ಹಾಸಿದರೆ ದೊಡ್ಡದರ ಸಂದಿಯಲ್ಲಿ ಚಿಕ್ಕದು ಕೂರುತ್ತದೆ, ಚಿಂದಿ ಕಮ್ಮಿ. ಲಟ್ಟಿಸಿದ ಹಿಟ್ಟಿನಲ್ಲಿ ಶಂಕರಪೋಳಿ ಕತ್ತರಿಸುವವರಿಗೆ ಇದು ಹೊಸದಲ್ಲ. ಆದರೂ ಉಳಿಯುವ ತುಂಡುಗಳನ್ನು ನಮಗೇ ಬಾವುಟವಾಗಿ ಹೊಲಿದು ಕೊಡಿ ಅಂದೆ. ಅರ್ಧ ರಸ್ತೆ ಮುಚ್ಚಿ ಕೆಲಸ ಮಾಡುವಾಗ ಎರಡೂ ತುದಿಯಲ್ಲಿ ವಾಹನ ನಿಲ್ಲಿಸುವವರಿಗೆ ಬೇಕಲ್ಲ. ಒಂದು ಬಾವುಟಕ್ಕೆ 15 ರೂಪಾಯಿ ಹೊಲಿಗೆ ಕೂಲಿ ತೆಗೆದುಕೊಂಡರು.

ಈಗ ದೂರು. ಎರಡನೇ ಕಂತಿನ ಜಾಕೆಟ್ಟುಗಳಲ್ಲಿ ಟೇಪನ್ನು ಹೊಲಿಯದೆ ಬರೀ ಬಿಸಿ ಒತ್ತಿ ಅಂಟಿಸಿದ್ದರು. ನೋಡಲು ನೀಟಾಗಿತ್ತು. ಮೂರು ತಿಂಗಳಿಗೆ ಅಂಚು ಎದ್ದು ಹಾವಿನ ಪೊರೆಯ ಹಾಗೆ ಸುಲಿಯತೊಡಗಿತು. ಫೋನ್ ಮಾಡಿದರೆ ಮೊದಲು "ನೀವು ಒಗೆದದ್ದು ಸರಿ ಇಲ್ಲ" ಅಂದರು. ಫೋಟೋ ಕಳಿಸಿದ ಮೇಲೆ ವಾಪಸ್ ತರಿಸಿಕೊಂಡು ಬೇರೆ ಟೇಪು ಹೊಲಿದರು, ದುಡ್ಡು ಕೇಳಲಿಲ್ಲ. ಆದರೆ 14 ಜಾಕೆಟ್ಟಿನ ಟೇಪು ದಂಡವಾಯಿತು. "ಎರಡೂ ಅಂಚಿಗೆ ಹೊಲಿಗೆ" ಅಂತ ಕಾಗದದಲ್ಲಿ ಬರೆಸಿಕೊಳ್ಳದ್ದು ನನ್ನ ತಪ್ಪು. ಇನ್ನೊಂದು, ಇವರು ಹೊತ್ತಿಗೆ ಕೊಡುವುದಿಲ್ಲ. ಕಿತ್ತಳೆ ಬಟ್ಟೆಯ ಆರ್ಡರು ಎರಡು ಮೂರು ಸೇರುವವರೆಗೆ ಕಾಯುತ್ತಾರೆ, ಇಲ್ಲದಿದ್ದರೆ ತಂದ ಬಟ್ಟೆ ಅವರಲ್ಲೇ ಉಳಿಯುತ್ತದಂತೆ. ಕಾರಣ ಸರಿಯೇ. ಆದರೆ 2024ರಲ್ಲಿ ಮೂರು ವಾರ ಅಂದದ್ದು ಐದು ವಾರವಾಯಿತು. ಜುಲೈಯ ಮಳೆ ಶುರುವಾದ ಮೇಲೆ ಜಾಕೆಟ್ ಬಂತು. ಮಳೆಗಾಲಕ್ಕೆ ಬೇಕಿದ್ದರೆ ಏಪ್ರಿಲ್‌ನಲ್ಲೇ ಹೇಳಿ.

ಬಾಳಿಕೆ ಬಗ್ಗೆ. ಲೇಬಲ್ ಮೇಲೆ 25 ಒಗೆತ ಅಂತ ಇದೆ. ಕೆಂಪು ಮಣ್ಣಿನಲ್ಲಿ ಕೆಲಸ ಮಾಡುವವರು ದಿನಾ ಒಗೆದರೆ ತಿಂಗಳಿಗೇ ಮುಗಿಯಿತು. ಹಾಗಂತ 25 ದಾಟಿದ ತಕ್ಷಣ ಜಾಕೆಟ್ ಸಾಯುವುದಿಲ್ಲ, ಬಿಸಿಲು, ಉಜ್ಜಾಟ, ಕೊಳೆ ಎಲ್ಲದರ ಮೇಲೆ ಅದರ ಆಯುಸ್ಸು ನಿಂತಿದೆ. ನಾವು ಮಣ್ಣು ಒಣಗಿದ ಮೇಲೆ ಕೊಡವಿ, ಮೆತ್ತಗಿನ ಬ್ರಷ್ ಆಡಿಸಿ, ವಾರಕ್ಕೊಮ್ಮೆ ಒಗೆಯಲು ಹೇಳಿದ್ದೇವೆ. ಬ್ಲೀಚಿಂಗ್ ಪುಡಿ ಬೇಡ, ಕಲ್ಲಿಗೆ ಬಡಿಯುವುದು ಬೇಡ. ಮಳೆಗಾಲದಲ್ಲಿ ಮಾತ್ರ ಸೋತೆವು. ಬಟ್ಟೆ ಒಣಗುವ ಜಾಗ ನಮ್ಮ ಕಡೆ ಒಂದೇ, ಬಚ್ಚಲೊಲೆಯ ಮೇಲೆ. ಅಲ್ಲಿ ನೇತು ಹಾಕಿದ ಜಾಕೆಟ್ಟುಗಳ ಟೇಪು ಕಾವಿಗೆ ಬಿರುಕು ಬಿಟ್ಟಿತು, ಮೇಲಿಂದ ಮಸಿ ಬೇರೆ. ಈಗ ಸಂಜೆ ಎಲ್ಲವನ್ನೂ ನಮ್ಮ ಶೆಡ್ಡಿನಲ್ಲೇ ಬಿಟ್ಟು ಹೋಗುತ್ತಾರೆ. ಒಂದು ಹಳೇ ಟೇಬಲ್ ಫ್ಯಾನು ಹಾಕಿಟ್ಟಿದ್ದೇನೆ. ಬೂಷ್ಟು ಪೂರ್ತಿ ತಪ್ಪಿಲ್ಲ, ಕಮ್ಮಿಯಾಗಿದೆ.

ಯಾವುದು ಹಳತಾಯಿತು, ಯಾವುದು ಇನ್ನೂ ನಡೆಯುತ್ತದೆ ಅಂತ ನೋಡುವುದಕ್ಕೆ ಹಾಕಿಕೊಳ್ಳದ ಒಂದು ಜಾಕೆಟ್ಟನ್ನು ಬೀರುವಿನೊಳಗೆ ಕತ್ತಲಲ್ಲಿ ಇಟ್ಟಿದ್ದೇನೆ. ಆರು ತಿಂಗಳಿಗೊಮ್ಮೆ ಅದನ್ನು ಹೊರಗೆ ತಂದು ಉಳಿದವುಗಳ ಪಕ್ಕ ಹಿಡಿದು ನೋಡುತ್ತೇನೆ. ಕಿತ್ತಳೆ ಹೋಗಿ ಹಣ್ಣಾದ ಎಲೆಯ ಬಣ್ಣ ಬಂದಿದ್ದರೆ ಪಕ್ಕಕ್ಕೆ. ಟೇಪಿಗೆ ರಾತ್ರಿ ಪರೀಕ್ಷೆ. ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿಯಬೇಕು, ಯಾಕೆಂದರೆ ಟೇಪು ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತದೆ. ಸೊಂಟದ ಹತ್ತಿರ ಹಿಡಿದರೆ ಹೊಸದೂ ಮಂಕಾಗಿ ಕಾಣುತ್ತದೆ. ಮೊದಲ ಸಲ ಹಾಗೆ ಹಿಡಿದು ಒಳ್ಳೆಯ ಜಾಕೆಟ್ಟುಗಳನ್ನೇ ಪಕ್ಕಕ್ಕೆ ಹಾಕಿದ್ದೆ, ನಮ್ಮನೆಯವರು ನಕ್ಕರು. ಬಟ್ಟೆ ಚೆನ್ನಾಗಿದ್ದು ಟೇಪು ಹೋಗಿದ್ದರೆ ಘಟಕದಲ್ಲಿ 70 ರೂಪಾಯಿಗೆ ಬೇರೆ ಹೊಲಿಯುತ್ತಾರೆ. ಜಿಪ್ ಹೋದರೆ ಊರಿನ ಟೈಲರ್ರೇ ಸಾಕು.

ದುಡ್ಡಿನ ಮಾತು. ಈಗಿನದ್ದು ಒಂದಕ್ಕೆ 340 ರೂಪಾಯಿ ಬಿದ್ದಿದೆ. 95ಕ್ಕೆ ಹೋಲಿಸಿದರೆ ಜಾಸ್ತಿ. ಆದರೆ 60ಕ್ಕೆ ಕೊಟ್ಟ 5,700 ರೂಪಾಯಿಯನ್ನು ಮೈಗೇರಿದ 38ಕ್ಕೆ ಹಂಚಿ, 150 ಆಗುತ್ತದೆ. ಅದೂ ಆರು ತಿಂಗಳಿಗೆ. 2022ರ 36ರಲ್ಲಿ 25 ಜಾಕೆಟ್ ಎರಡು ವರ್ಷ ಪೂರ್ತಿ ಬಂದವು. ಪ್ಯಾಕಿಂಗ್ ಕೂಡ ಇಳಿದಿದೆ. ಒಂದೊಂದಕ್ಕೆ ಒಂದು ಕವರ್ ಬೇಡ ಅಂದೆವು, ಗೋಣಿಚೀಲದಲ್ಲಿ ಕಟ್ಟಿ ಬಸ್ಸಿಗೆ ಹಾಕುತ್ತಾರೆ, ಚೀಲ ವಾಪಸ್ ಹೋಗುತ್ತದೆ.

ಅಟ್ಟದ ಆ 22 ಏನಾದವು ಅಂದರೆ, ಟೇಪು ಬಿಚ್ಚಿ ಕೊಟ್ಟಿಗೆಯ ದನಗಳ ಕೊರಳಪಟ್ಟಿಗೆ ಹೊಲಿದೆ, ರಾತ್ರಿ ರಸ್ತೆಗೆ ಬಂದರೆ ಕಾಣಲಿ ಅಂತ. ಗೇಟಿನ ಕಂಬಕ್ಕೂ ಸ್ವಲ್ಪ. ನಾಲ್ಕನ್ನು ತೋಟದಲ್ಲಿ ಬೆರ್ಚಪ್ಪನಿಗೆ ತೊಡಿಸಿದೆವು, ಮಂಗ ಹೆದರಲಿ ಅಂತ. ಎರಡು ವಾರ ಹೆದರಿದವು. ಮೂರನೇ ವಾರ ಒಂದು ಮಂಗ ಬೆರ್ಚಪ್ಪನ ಹೆಗಲ ಮೇಲೆ ಕೂತು ನಮ್ಮದೇ ಬಾಳೆಹಣ್ಣು ತಿನ್ನುತ್ತಿತ್ತು. ಬೇರೆಯವರಿಗೆ ಹಾಕಿಕೊಳ್ಳಲು ಮಾತ್ರ ಒಂದನ್ನೂ ಕೊಡಲಿಲ್ಲ. ಟೇಪು ಸಾಲದ ಜಾಕೆಟ್ ಹಾಕಿದವನಿಗೆ ತಾನು ಕಾಣುತ್ತಿದ್ದೇನೆ ಅನ್ನುವ ಧೈರ್ಯ ಇರುತ್ತದೆ, ಲಾರಿಯವನಿಗೆ ಕಾಣುವುದಿಲ್ಲ.

ಜಾಕೆಟ್ಟಿನ ಮೈಯ ಬಟ್ಟೆ ಪಾಲಿಯೆಸ್ಟರ್. ಬಚ್ಚಲೊಲೆಗೆ ಹಾಕಿದರೆ ಕರಗಿ ಕೆಟ್ಟ ಹೊಗೆ ಏಳುತ್ತದೆ, ಗೊಬ್ಬರದ ಗುಂಡಿಯಲ್ಲಿ ಕೊಳೆಯುವುದಿಲ್ಲ. ಗುಜರಿಯವನಿಗೆ ಕಬ್ಬಿಣ ಬೇಕು, ಇದು ಬೇಡ. ಘಟಕದವರನ್ನು ಕೇಳಿದೆ, "ಹಳೇದನ್ನ ನಾವೇನ್ ಮಾಡ್ಲಿ ಮೇಡಂ" ಅಂದರು. ಮೂರೂವರೆ ವರ್ಷದಲ್ಲಿ ಹೊಸದರಲ್ಲಿ ಪೂರ್ತಿ ಕೈಬಿಟ್ಟದ್ದು 19. ಅವೂ, ಹಳೆಯವುಗಳ ಮೈಯೂ ಸೇರಿ ಗೋಣಿಚೀಲ ಮತ್ತೆ ಅಟ್ಟ ಹತ್ತಿದೆ. ಕಳೆದ ನವೆಂಬರಿನಲ್ಲಿ ಕೊಟ್ಟ ನಾಲ್ಕನೇ ಆರ್ಡರು ಬರೀ 12ರದ್ದು. ಅದರಲ್ಲಿ ಕೊಡದೆ ಉಳಿದಿರುವುದು ಮೂರು, ಬೀರುವಿನದ್ದು ಬೇರೆ.