ಪೀಣ್ಯದ ಪರೀಕ್ಷಾಲಯ: ಕೆಲಸ ಚೊಕ್ಕಟ, ವರದಿ ಅರೆಬರೆ

ರಾಜಾಜಿನಗರದಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತೇನೆ. ಬಿ.ಎಸ್‌ಸಿ.ಯಲ್ಲಿ ಓದಿದ ರಸಾಯನಶಾಸ್ತ್ರ ಕೂದಲಿಗೆ ಬಣ್ಣ ಕಲಸುವುದಕ್ಕಷ್ಟೇ ಉಳಿದಿತ್ತು. ಈಚೆಗೆ ಗ್ರಾಹಕರೊಬ್ಬರು ಮುಖ ಬೆಳ್ಳಗಾಗಿಸುವ ಕ್ರೀಮಿನ ಡಬ್ಬಿ ತಂದು, ಇದನ್ನೇ ಹಚ್ಚಿ ಎಂದು ಹಟ ಹಿಡಿದರು. ಅದರ ಮೇಲೆ ತಯಾರಕರ ವಿಳಾಸವಿಲ್ಲ, ಒಳಗೇನಿದೆ ಎಂಬ ಪಟ್ಟಿಯೂ ಇಲ್ಲ. ಹಚ್ಚುವುದಿಲ್ಲವೆಂದು ಹೇಳಿ, ಅವರನ್ನು ಒಪ್ಪಿಸಿ ಡಬ್ಬಿಯನ್ನು ಪೀಣ್ಯದ ಖಾಸಗಿ ಪರೀಕ್ಷಾಲಯವೊಂದಕ್ಕೆ ಒಯ್ದೆ.

ಕೌಂಟರಿನಲ್ಲಿ ಕಿರಿಕಿರಿ. ಬೆಳ್ಳಗಾಗಿಸುವ ಕ್ರೀಮಿನಲ್ಲಿ ಪಾದರಸ ಇರಬಹುದೆಂಬ ಅನುಮಾನ ನನ್ನದು; ಅದೊಂದನ್ನೇ ನೋಡಿ ಎಂದರೂ ಭಾರಲೋಹಗಳ ಇಡೀ ಪ್ಯಾಕೇಜ್ ತಲೆಗೆ ಕಟ್ಟಲು ನೋಡಿದರು. ಒಳಗೆ ಪರೀಕ್ಷೆ ಮಾಡುವ ಹುಡುಗಿ ಮಾತ್ರ ಅಪ್ಪಟ ಕೆಲಸಗಾರ್ತಿ. ಗಾಜಿನಾಚೆ ನಿಂತು ನೋಡಲು ಬಿಟ್ಟಳು. ಮೊದಲು ಕೈಯಲ್ಲಿ ಹಿಡಿಯುವ, ಎಕ್ಸ್-ಕಿರಣ ಹಾಯಿಸಿ ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರದಿಂದ ಅಂದಾಜು ತೆಗೆದಳು. ಇದರಲ್ಲಿ ಏನೂ ಕಾಣಲಿಲ್ಲವೆಂದರೆ ಕ್ರೀಮು ಶುದ್ಧವೆಂದಲ್ಲ. ಕ್ರೀಮಿನಲ್ಲಿ ಪಾದರಸಕ್ಕೆ ಕಾನೂನಿನ ಮಿತಿ ಇರುವುದು ಕಿಲೋಗೆ 1 ಮಿಲಿಗ್ರಾಂ, ಅಷ್ಟು ಕಡಿಮೆಯನ್ನು ಈ ಯಂತ್ರ ನೆಚ್ಚುವಂತೆ ಹಿಡಿಯುವುದಿಲ್ಲ. ನಮ್ಮ ಡಬ್ಬಿಗೆ ಆ ತೊಂದರೆಯೇ ಬರಲಿಲ್ಲ, ಪಾದರಸ ಅಷ್ಟು ಹೆಚ್ಚಿತ್ತು. “ಮೇಡಂ, ಇದನ್ನು ಚೆನ್ನಾಗಿ ತೆಳು ಮಾಡದೆ ಹಾಕಿದರೆ ಕೊಳವೆ ತೊಳೆಯುವುದರಲ್ಲೇ ನಾಳೆಯೂ ಕಳೆಯುತ್ತದೆ” ಎಂದಳು.

ಚಿಟಿಕೆ ಕ್ರೀಮನ್ನು ನೈಟ್ರಿಕ್ ಆಮ್ಲದಲ್ಲಿ, ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿಟ್ಟು ಕಾಯಿಸಿದಳು. ತೆರೆದು ಕಾಯಿಸಿದರೆ ಪಾದರಸ ಹಾರಿಹೋಗಿ, ವರದಿಯಲ್ಲಿ ಕ್ರೀಮು ಸುಳ್ಳೇ ಸಾಚಾ ಆಗಿಬಿಡುತ್ತದೆ. ಆಮೇಲೆ ಸ್ಟ್ಯಾನಸ್ ಕ್ಲೋರೈಡ್ ಬೆರೆಯಿತು. ದ್ರಾವಣದಲ್ಲಿದ್ದ ಪಾದರಸದ ಅಯಾನು ಲೋಹವಾಯಿತು. ಬಿಸಿಯ ಹಂಗಿಲ್ಲದೆ ಆವಿಯಾಗಿ, ಅನಿಲದೊಂದಿಗೆ ಗಾಜಿನ ನಳಿಗೆಗೆ ಹೋಯಿತು. ಅಲ್ಲಿ 253.7 ನ್ಯಾನೊಮೀಟರ್ ಬೆಳಕನ್ನು ಅದು ಹೀರಿದಷ್ಟೂ ಪರದೆಯ ಮೇಲಿನ ಗೆರೆ ಮೇಲೇರಿತು. ತೆಳು ಮಾಡಿದ ಮೇಲೂ ಅಷ್ಟೆತ್ತರ!

ವರದಿಯಲ್ಲಿ ಬಂದದ್ದು ಕಿಲೋಗೆ ಐದಂಕಿಯ ಮಿಲಿಗ್ರಾಂ. ಅಂದರೆ ಶೇಕಡಾ ಒಂದಕ್ಕೂ ಮೇಲೆ. ಇದು ಅಕಸ್ಮಾತ್ ಸೇರಿದ ಕಲ್ಮಶವಲ್ಲ, ಬೇಕೆಂದೇ ಹಾಕಿದ್ದು. ಆದರೆ ಒಟ್ಟು ಪಾದರಸ ಎಂದಷ್ಟೇ ಬರೆದು ಕೈತೊಳೆದುಕೊಂಡಿದ್ದರು. ಪತ್ತೆಮಿತಿ (ಎಷ್ಟು ಕಡಿಮೆಯವರೆಗೆ ಹಿಡಿಯಬಲ್ಲರು ಎಂಬುದು), ಮಾದರಿ ಕರಗಿಸಿದ ವಿಧಾನ ಯಾವುದೂ ಇರಲಿಲ್ಲ. ಕೇಳಿದ ಮೇಲೆ ಸೇರಿಸಿಕೊಟ್ಟರು. ಒಳಗಿದ್ದದ್ದು ಕ್ಯಾಲೊಮೆಲ್ಲೋ (ಪಾದರಸದ ಒಂದು ಕ್ಲೋರೈಡ್) ಅಮೋನಿಯಾ ಸೇರಿದ ಪಾದರಸ ಲವಣವೋ ಎಂಬುದನ್ನು ಇಲ್ಲಿ ಹೇಳಲಾಗದಂತೆ. ಅದಕ್ಕೆ ಬೇರೆ ಪರೀಕ್ಷೆ ಬೇಕು. ಎರಡೂ ಚರ್ಮದ ಬಣ್ಣ ತಯಾರಿಸುವ ಟೈರೋಸಿನೇಸ್ ಕಿಣ್ವವನ್ನು ತಡೆದು ಬಣ್ಣ ತೆಗೆಯುವಂಥವೇ. ಹಾಗಾಗಿ ನನ್ನ ಗ್ರಾಹಕರಿಗೆ ಒಟ್ಟು ಪ್ರಮಾಣವೇ ಸಾಕಾಯಿತು. ಪಾದರಸ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಮೂತ್ರ ಪರೀಕ್ಷೆ ಮಾಡಿಸಿ ಎಂದು ವರದಿಯೊಂದಿಗೇ ವೈದ್ಯರ ಬಳಿ ಕಳಿಸಿದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಹೋಗುವವರು ಆ ಹುಡುಗಿ ಮಾಡಿದ, ಬಿಸಿಯಿಲ್ಲದೆ ಆವಿಯಾಗಿಸಿ ಅಳೆಯುವ ‘ಕೋಲ್ಡ್ ವೇಪರ್’ ವಿಧಾನವೇ ಬೇಕೆಂದು ಅರ್ಜಿಯಲ್ಲಿ ಬರೆಸಿ. ಉಳಿದ ಕ್ರೀಮನ್ನು ಕಸಕ್ಕೆ ಹಾಕಬೇಡಿ; ಅಪಾಯಕಾರಿ ತ್ಯಾಜ್ಯದೊಂದಿಗೆ ಸೇರಿಸಲು ಅವರೇ ಇಟ್ಟುಕೊಳ್ಳುತ್ತಾರೆ, ಅದಕ್ಕೆ ದುಡ್ಡು ಕೇಳುವುದಿಲ್ಲ.