ಜೀಪಿನ ಫೈಬರ್ ಟಾಪ್ ಒಬ್ರೇ ಇಳಿಸೋಕೆ ಹೋಗ್ಬೇಡಿ, ಮಾಡಿಗೆ ನೇತು ಹಾಕೋದಂತೂ ಬೇಡವೇ ಬೇಡ

ಮಳೆ ಮುಗೀತು, ಅಡಿಕೆ ಕೊನೆ ಕೊಯ್ಲು ಶುರುವಾಗಿದೆ. ನಮ್ಮ ತೀರ್ಥಹಳ್ಳಿ, ಹೊಸನಗರ ಕಡೆ ಜೀಪು, ಜಿಪ್ಸಿ ಇಟ್ಕೊಂಡಿರೋರು ತುಂಬಾ ಜನ ಈಗ ಹಾರ್ಡ್‌ಟಾಪ್ (ಬಿಚ್ಚಿ ತೆಗೆಯೋಕಾಗೋ ಗಟ್ಟಿ ಮೇಲ್ಛಾವಣಿ) ಬಿಚ್ಚಿಡ್ತಾರೆ, ಹಿಂದ್ಗಡೆ ಖಾಲಿ ಇದ್ರೆ ತೋಟದಿಂದ ಅಡಿಕೆ ಕೊನೆ ಹೇರ್ಕೊಂಡು ಬರೋಕೆ ಸುಲಭ ಅಂತ. ಅದಕ್ಕೇ ಇದನ್ನ ಈಗ್ಲೇ ಬರೀತಿದೀನಿ, ದಯವಿಟ್ಟು ಪೂರ್ತಿ ಓದಿ. ನನ್ನ ತಮ್ಮ ಒಬ್ನೇ ಟಾಪ್ ಇಳಿಸಿ ಶೆಡ್ಡಿನ ಮಾಡಿಗೆ ನೇತು ಹಾಕೋಕೆ ಹೋಗಿ ಕಾಲರ್ ಬೋನ್ ಮುರ್ಕೊಂಡ. ಒಂದು ಗೇಣು ಆಚೆ ಈಚೆ ಆಗಿದ್ರೆ ತಲೆ ಮೇಲೇ ಬೀಳ್ತಿತ್ತು.

ನಮ್ಮದು ಹಳೇ ಮಹೀಂದ್ರಾ ಎಂಎಂ 540. ಅದಕ್ಕೆ ಫೈಬರ್ ಟಾಪ್ ಮಾಡಿಸಿ ಹಾಕಿದ್ದು, ಪಕ್ಕದ ಕಿಟಕಿ, ಹಿಂದಿನ ಗ್ಲಾಸ್ ಬಾಗಿಲು ಎಲ್ಲ ಸೇರಿ ಒಂದೇ ಪೀಸು. ಹೋದ ವರ್ಷದ ತನಕ ಮುಯ್ಯಾಳು (ಒಬ್ರ ತೋಟಕ್ಕೆ ಒಬ್ರು ಕೆಲಸಕ್ಕೆ ಬರೋರು) ಬಂದಾಗ ಅವರನ್ನೇ ಕರೆದು ನಾಲ್ಕು ಮೂಲೆಗೆ ನಾಲ್ಕು ಜನ ನಿಂತು ಎತ್ತಿ ಇಡ್ತಿದ್ರು, ಹತ್ತು ನಿಮಿಷದ ಕೆಲಸ. ಈ ಸಲ ಎಲ್ಲರ ತೋಟದಲ್ಲೂ ಒಟ್ಟಿಗೇ ಕೊಯ್ಲು, ಜನ ಸಿಗ್ಲಿಲ್ಲ. ಪೇಟೆ ಗ್ಯಾರೇಜಿನವರೊಬ್ರು "ಒಂದು ಹ್ಯಾಂಡ್ ವಿಂಚ್ (ಕೈಯಲ್ಲಿ ತಿರುಗಿಸಿ ಹಗ್ಗ ಸುತ್ತಿ ಎಳೆಯೋ ಸಾಧನ) ತಗೊಳಿ, ತೊಲೆಗೆ ರಾಟೆ ಕಟ್ಟಿ ಮೇಲೆ ಎಳೀರಿ, ಜೀಪು ಮುಂದೆ ತಗೊಂಡ್ರೆ ಆಯ್ತು, ಟಾಪ್ ಅಲ್ಲೇ ಇರುತ್ತೆ, ಇಡೋಕೆ ಜಾಗನೂ ಬೇಡ, ಒಬ್ರೇ ಮಾಡ್ಬಹುದು" ಅಂದ್ರಂತೆ. ಮೊಬೈಲಲ್ಲಿ ವಿಡಿಯೋ ನೋಡಿದ್ರೂ ಹಂಗೇ ಕಾಣುತ್ತೆ, ಹೊರದೇಶದ ಗ್ಯಾರೇಜಲ್ಲಿ ಬಟನ್ ಒತ್ತಿದ್ರೆ ಟಾಪ್ ತಾನೇ ಮೇಲೆ ಹೋಗುತ್ತೆ. ಅಲ್ಲಿ ಅದನ್ನ ಮೇಲೆ ಯಾವ್ದಕ್ಕೆ ಬಿಗಿದಿದಾರೆ ಅನ್ನೋದು ವಿಡಿಯೋದಲ್ಲಿ ಕಾಣಲ್ಲ.

ಬಿಚ್ಚೋ ತನಕ ಎಲ್ಲ ಸರಿಯಾಗೇ ಆಯ್ತು. ಬೋಲ್ಟ್ ತೆಗ್ದ, ಹಿಂದಿನ ವೈಪರ್ ವೈರು, ಒಳಗಿನ ಲೈಟಿನ ವೈರು ಬಿಡಿಸ್ದ, ಬಾಡಿಗೂ ಟಾಪಿಗೂ ಮಧ್ಯೆ ಅಂಟಿರೋ ಸಿಲಿಕಾನನ್ನ ತಂಗೂಸಿ ದಾರದಲ್ಲಿ ಗರಗಸದ ಥರ ಎಳೆದು ಕೊಯ್ದ. ಆಮೇಲೆ ನಾಲ್ಕು ಮೂಲೆಗೆ ನೈಲಾನ್ ಹಗ್ಗ ಹಾಕಿ ನಾಲ್ಕನ್ನೂ ಮೇಲೆ ಒಂದೇ ಕೊಕ್ಕೆಗೆ ತಂದು, ರಾಟೆ ಮೇಲಿಂದ ಕಂಬಕ್ಕೆ ಕಟ್ಟಿದ ವಿಂಚಿಗೆ ಹಾಕಿ ತಿರುಗ್ಸಿದ್ದು. ಟಾಪ್ ಎದ್ದಿತು. ಜೀಪು ಮುಂದೆ ತಗೊಂಡು ಬಂದ. "ಅಕ್ಕಾ ನೋಡು, ಮುಗೀತು" ಅಂತ ನನ್ನ ಕರೆದ, ನಾನು ಅಂಗಳದಲ್ಲಿ ಚಪ್ಪರದ ಹತ್ರ ಇದ್ದೆ. ಟಾಪ್ ಒಂದ್ಕಡೆ ವಾಲಿದೆ ಅಂತ ನೇರ ಮಾಡೋಕೆ ಅದರ ಕೆಳಗೆ ಹೋಗಿ ಕೈ ಕೊಟ್ಟಿದಾನೆ, ಅಷ್ಟೇ, ರಾಟೆ ತೂಗು ಹಾಕಿದ್ದ ಕೊಕ್ಕೆ ಬಾಯಿ ಬಿಟ್ಟು ಇಡೀ ಟಾಪ್ ಒಂದು ಮೂಲೆ ಕೆಳಗಾಗಿ ಬಿತ್ತು. ಆ ಸದ್ದು ನಂಗಿನ್ನೂ ಕಿವೀಲಿದೆ. ಹಿಂದಿನ ಗ್ಲಾಸು ಪುಡಿಪುಡಿ ಆಗಿ ಅವನ ಬೆನ್ನು ತುಂಬಾ. ತೀರ್ಥಹಳ್ಳಿಲಿ ತೋರ್ಸಿ, ಅಲ್ಲಿಂದ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ ಅಂದ್ರು, ಸುಮಾರು 60 ಕಿಲೋಮೀಟರು, ಮಂಡಗದ್ದೆ ದಾಟೋ ತನಕ ಒಂದೊಂದು ತಿರುವಿಗೂ ಅವನು ನರಳೋದು ಕೇಳ್ಕೊಂಡು ಹೋಗಿದೀನಿ. ಅಮ್ಮಂಗೆ ಫೋನಲ್ಲಿ ಎಂತ ಹೇಳೋದು ಅಂತಲೇ ಗೊತ್ತಾಗ್ಲಿಲ್ಲ.

ಈಗ ಯಾಕೆ ಬಿತ್ತು ಅನ್ನೋದು. ನಮ್ಮ ಚಿಕ್ಕಪ್ಪ ಭದ್ರಾವತಿ ಕಬ್ಬಿಣದ ಕಾರ್ಖಾನೆಲಿ ಕ್ರೇನಿಗೆ ಸ್ಲಿಂಗ್ (ಭಾರ ಎತ್ತೋ ಹಗ್ಗ) ಕಟ್ಟೋ ಕೆಲಸ ಮಾಡಿ ರಿಟೈರ್ ಆದವ್ರು. ಅವ್ರು ಬಂದು ನೋಡಿ ಹೇಳಿದ್ದನ್ನ ಹಂಗೇ ಬರೀತೀನಿ, ಯಾಕಂದ್ರೆ ಈ ಲೆಕ್ಕ ಗ್ಯಾರೇಜಿನವ್ರು ಹೇಳಲ್ಲ, ವಿಡಿಯೋದವ್ರೂ ಹೇಳಲ್ಲ. ಟಾಪನ್ನ ಅಡಿಕೆ ತೂಗೋ ಕಾಟಾದ ಮೇಲೆ ಇಟ್ಟು ನೋಡಿದ್ರೆ 74 ಕೆಜಿ ಬಂತು. ವಿಂಚಿನ ಡಬ್ಬದ ಮೇಲೆ 500 ಕೆಜಿ ಅಂತ ಇದೆ, ಸಾಕಲ್ಲ ಅನ್ಸುತ್ತೆ. ಆದ್ರೆ ಮೇಲೆ ಒಂದೇ ರಾಟೆ ಇದ್ದಾಗ ಅದರ ಒಂದು ಕಡೆ ಟಾಪಿನ ಭಾರ ಕೆಳಗೆ ಎಳೀತಿರುತ್ತೆ, ಇನ್ನೊಂದು ಕಡೆ ವಿಂಚು ಅಷ್ಟೇ ಬಲದಲ್ಲಿ ಕೆಳಗೆ ಎಳೀತಿರುತ್ತೆ, ಎರಡನ್ನೂ ಹೊರೋದು ಆ ಕೊಕ್ಕೆ ಮತ್ತೆ ತೊಲೆ. ಅಂದ್ರೆ 74ಕ್ಕೆ ಹತ್ರ ಹತ್ರ 150 ಕೆಜಿ. ಕೈ ಕೊಟ್ಟು ಅಲ್ಲಾಡಿಸಿದ್ರೆ ಆ ಜಗ್ಗಿಗೆ ಇನ್ನೂ ಜಾಸ್ತಿ. ಕೊಕ್ಕೆ ಅಂದ್ರೆ ಎಂತದು, ಕಟ್ಟಡದ ಸಣ್ಣ ಸರಳು ಬಗ್ಗಿಸಿ ಮಾಡಿದ್ದು, ಬಾಯಿಗೆ ಲಾಕ್ ಇಲ್ಲ. ತೊಲೆ ಕೂಡ ಒಂದು ಕಡೆ ಕುಟ್ಟೆ ಹಿಡಿದಿತ್ತು, ಚಿಕ್ಕಪ್ಪ ಸ್ಕ್ರೂಡ್ರೈವರ್ ಚುಚ್ಚಿದ್ರೆ ಒಳಗೆ ಹೋಯ್ತು. ಕೊಕ್ಕೆ ಬಿಡ್ದೇ ಇದ್ದಿದ್ರೆ ಯಾವತ್ತೋ ಒಂದಿನ ತೊಲೆನೇ ಬರ್ತಿತ್ತು, ಹೆಂಚಿನ ಸಮೇತ. ನಮ್ಮ ಮಲೆನಾಡಿನ ಮಾಡು ಹೆಂಚಿನ ಭಾರ, ಮಳೆ ಭಾರ ಹೊರೋಕೆ ಮಾಡಿದ್ದು ಮಾರಾಯ್ರೆ, ಒಂದೇ ಜಾಗದಲ್ಲಿ ಜೋತು ಬೀಳೋ ಭಾರಕ್ಕಲ್ಲ. ಹೆಂಚಿನ ಕೆಳಗಿನ ಪಕಾಸಿಗೆ, ರೀಪಿಗೆ (ಸಣ್ಣ ಮರದ ಪಟ್ಟಿಗಳಿಗೆ) ಕಟ್ಟೋದಂತೂ ಯೋಚನೆನೇ ಮಾಡ್ಬೇಡಿ. ಜಿಐ ಪೈಪಿನ ಶೀಟ್ ಶೆಡ್ ಇದ್ರೂ ಅದನ್ನ ವೆಲ್ಡ್ ಮಾಡಿದವ್ರನ್ನ ಕೇಳ್ದೇ ಎಂತದನ್ನೂ ತೂಗು ಹಾಕ್ಬೇಡಿ.

ಇನ್ನೊಂದು ವಿಷ್ಯ ಹಗ್ಗದ್ದು, ಇದು ನಂಗೆ ಗೊತ್ತೇ ಇರ್ಲಿಲ್ಲ. ನಾಲ್ಕು ಹಗ್ಗ ಇದೆ ಅಂದ್ರೆ ಭಾರ ನಾಲ್ಕು ಪಾಲು ಆಗುತ್ತೆ ಅಂತ ಎಲ್ರೂ ಅಂದ್ಕೊಳ್ತಾರೆ, ಹಂಗಾಗಲ್ಲ. ಒಂದು ಹಗ್ಗ ಸ್ವಲ್ಪ ಉದ್ದ ಆದ್ರೂ ಎದುರುಬದುರು ಮೂಲೆಯ ಎರಡೇ ಹಗ್ಗ ಎಲ್ಲ ಹೊರುತ್ತೆ. ಆ ಎರಡರ ಮಧ್ಯೆ ಕೋನ 60 ಡಿಗ್ರಿ ಇದ್ರೆ ಒಂದೊಂದರ ಮೇಲೆ ಭಾರದ ನೂರಕ್ಕೆ 58 ಪಾಲು, ಹಗ್ಗ ಗಿಡ್ಡ ಮಾಡಿ ಕೋನ 120 ಡಿಗ್ರಿ ಆದ್ರೆ ಒಂದೊಂದರ ಮೇಲೂ ಪೂರ್ತಿ 74 ಕೆಜಿ. ಶೆಡ್ ತಗ್ಗು ಇರೋದ್ರಿಂದ ಎಲ್ರೂ ಗಿಡ್ಡ ಹಗ್ಗನೇ ಹಾಕೋದು. ಹಂಗೆ ಹಾಕಿದಾಗ ಹಗ್ಗ ಟಾಪಿನ ಎರಡೂ ಪಕ್ಕವನ್ನ ಒಳಗೆ ಅದುಮುತ್ತೆ, ಫೈಬರ್ ಕಿಟಕಿ ಮೂಲೆಲಿ ಬಿರುಕು ಬಿಡೋದು ಅದಕ್ಕೇ. ನಮ್ಮ ಟಾಪಲ್ಲಿ ಬೀಳೋಕೆ ಮುಂಚೆನೇ ಒಂದು ಗೀರು ಬಂದಿತ್ತು ಅಂತ ಚಿಕ್ಕಪ್ಪಂಗೆ ಅನುಮಾನ. ನೈಲಾನ್ ಹಗ್ಗ ಭಾರದಲ್ಲಿ ಇದ್ದಷ್ಟು ದಿನ ನಿಧಾನಕ್ಕೆ ಜಗ್ತಾ ಹೋಗುತ್ತೆ, ಒದ್ದೆ ಆದ್ರೆ ಬಲನೂ ಕಮ್ಮಿ, ತಿಂಗಳುಗಟ್ಲೆ ನೇತು ಹಾಕೋಕೆ ಅದು ಆಗಲ್ಲ.

ಒಬ್ಬ ಮನುಷ್ಯ ಎಷ್ಟು ಎತ್ಬಹುದು ಅನ್ನೋದಕ್ಕೂ ಲೆಕ್ಕ ಇದೆ. ಕೆಲಸದ ಜಾಗದ ಸುರಕ್ಷತೆ ಬಗ್ಗೆ ಸಂಶೋಧನೆ ಮಾಡೋ ಅಮೆರಿಕದ ನಿಯೋಶ್ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಭಾರ ಎತ್ತೋ ಸೂತ್ರದಲ್ಲಿ ಎಲ್ಲ ಅನುಕೂಲ ಇದ್ದಾಗಲೂ, ವಸ್ತು ಮೈಗೆ ಹತ್ರ ಇದ್ದು ಬೆನ್ನು ತಿರುಚದೇ ಎತ್ತೋದಾದ್ರೂ, 23 ಕೆಜಿ ಮಿತಿ. ಜೀಪಿನ ಟಾಪಿಗೆ ಕೈ ಚಾಚಿ, ಭುಜದ ಮಟ್ಟದಲ್ಲಿ ಎತ್ಬೇಕು, ಹಿಡಿಕೆ ಬೇರೆ ಇಲ್ಲ. ಹಂಗಾಗಿ ನಾಲ್ಕು ಜನ ಅನ್ನೋದು ಕಮ್ಮಿಗೆ ಕಮ್ಮಿ, ಐದನೆಯವರು ಪಕ್ಕದಲ್ಲಿ ನಿಂತು "ಎತ್ತಿ, ಬಲಕ್ಕೆ, ಇಳ್ಸಿ" ಅಂತ ಹೇಳ್ಬೇಕು. ಗಾಳಿ ಇರೋ ದಿನ ಬೇಡ, ಎತ್ತಿ ಹಿಡಿದ ಟಾಪಿನ ಒಳಗೆ ಗಾಳಿ ನುಗ್ಗಿದ್ರೆ ನಾಲ್ಕು ಜನರನ್ನೂ ಎಳ್ಕೊಂಡು ಹೋಗುತ್ತೆ. ಹಿಂದಿನ ಗ್ಲಾಸ್ ಬಾಗಿಲನ್ನ ಬಿಚ್ಚಿ ಬೇರೆ ಇಡೋಕಾದ್ರೆ ಇಡಿ, ಭಾರನೂ ಇಳಿಯುತ್ತೆ, ಗ್ಲಾಸೂ ಉಳಿಯುತ್ತೆ.

ಇಳಿಸಿದ ಮೇಲೆ ಇಡೋದು. ನೆಲದಲ್ಲೇ ಇಡಿ, ಆದ್ರೆ ಬರೀ ನೆಲದ ಮೇಲಲ್ಲ. ಜೀಪಿನ ಮೇಲೆ ಹೆಂಗೆ ಕೂರುತ್ತೋ ಹಂಗೇ ಕೆಳಗಿನ ಅಂಚು ಪೂರ್ತಿ ಆಧಾರ ಸಿಗೋ ಥರ ಹಲಗೆ ಹಾಕಿ ಅದರ ಮೇಲೆ ಹಳೇ ಟಯರ್ ಟ್ಯೂಬ್ ಹಾಸಿ ಇಡಿ. ನಾಲ್ಕು ಮೂಲೆಗೆ ನಾಲ್ಕು ಕಲ್ಲು ಕೊಟ್ಟು ಇಟ್ರೆ ಬೇಸಿಗೆ ಮುಗಿಯೋ ಹೊತ್ತಿಗೆ ಮಧ್ಯ ಜಗ್ಗಿರುತ್ತೆ, ಮತ್ತೆ ಕೂರಿಸುವಾಗ ಬೋಲ್ಟ್ ತೂತು ಕೂಡಲ್ಲ. ಗೋಡೆಗೆ ಒರಗಿಸಿ ನಿಲ್ಲಿಸಿದ್ರೆ ಎರಡು ಕಡೆ ಕಟ್ಟಲೇಬೇಕು, ಮಕ್ಕಳು, ಕರು ತಾಗಿದ್ರೆ ಸಾಕು ಮಗುಚುತ್ತೆ. ಪ್ಲಾಸ್ಟಿಕ್ ಟಾರ್ಪಾಲ್ ಬಿಗಿಯಾಗಿ ಸುತ್ತಬೇಡಿ, ನಮ್ಮ ತೇವಕ್ಕೆ ಒಳಗಿನ ಬಟ್ಟೆ ಲೈನಿಂಗ್ ಬೂಷ್ಟು ಹಿಡಿದು ವಾಸನೆ ಹೋಗೋದೇ ಇಲ್ಲ, ಹಳೇ ಸೀರೆನೋ ಕಾಟನ್ ಬೆಡ್‌ಶೀಟೋ ಹೊದಿಸಿ. ವೈರಿನ ತುದಿಗೆ ಟೇಪ್ ಸುತ್ತಿ, ಇಲಿ ಬಿಡಲ್ಲ. ಹಲಗೆಗೆ ಒರಲೆ ಹತ್ತಿದ್ಯಾ ಅಂತ ಆಗಾಗ ಎತ್ತಿ ನೋಡಿ.

ಟಾಪಿನ ಒಡೆದ ಮೂಲೆನ ಫೈಬರ್ ಮ್ಯಾಟು, ರೆಸಿನ್ (ಗಟ್ಟಿಯಾಗೋ ಅಂಟು) ಹಾಕಿ ರಿಪೇರಿ ಮಾಡೋರು ಶಿವಮೊಗ್ಗದಲ್ಲಿ ಸಿಕ್ರು, ಬಿಸಿಲಿರುವಾಗಲೇ ಮಾಡ್ಸಿ ಅಂದ್ರು, ತೇವ ಇದ್ರೆ ರೆಸಿನ್ ಸರಿ ಹಿಡಿಯಲ್ವಂತೆ. ತಮ್ಮ ಈಗ ಕೈ ಮೇಲೆತ್ತುತ್ತಾನೆ, ಭಾರ ಎತ್ತೋದು ಬೇಡ ಅಂದಿದಾರೆ ಡಾಕ್ಟ್ರು, ಈ ವರ್ಷದ ಕೊಯ್ಲು ಅವನಿಲ್ದೇ ನಡೀತಿದೆ.

ಈಗಾಗ್ಲೇ ಮಾಡಿಗೆ ನೇತು ಹಾಕಿರೋರು ಇದನ್ನ ಓದ್ತಿದ್ರೆ, ಇವತ್ತೇ ಅದರ ಕೆಳಗಿಂದ ಅಡಿಕೆ ಹಾಳೆ, ಸೌದೆ, ಬೈಕು ಎಲ್ಲ ತೆಗ್ದು ಆ ಜಾಗಕ್ಕೆ ಯಾರೂ ಹೋಗ್ದಿರೋ ಹಂಗೆ ಹಗ್ಗ ಕಟ್ಟಿ, ನಾಲ್ಕು ಜನ ಸಿಕ್ಕಿದ ದಿನ ಜೀಪನ್ನ ರಿವರ್ಸ್ ತಗೊಂಡು ಅದರ ಕೆಳಗೆ ನಿಲ್ಸಿ, ಟಾಪನ್ನ ಮೊದ್ಲು ಜೀಪಿನ ಮೇಲೇ ಕೂರ್ಸಿ, ಆಮೇಲೆ ಕೊಕ್ಕೆ ಬಿಚ್ಚಿ. ನೇತಾಡ್ತಿರುವಾಗ ಕೆಳಗೆ ನಿಂತು ಕೈ ಕೊಡೋಕೆ ಹೋಗ್ಬೇಡಿ.